ಲಿಲ್ಲಿ ಬಾಯಮ್ಮ ಬೇಡವೆಂದ ಸಿಂಹ

ದುಬೈಯ ಅಲ್ ಮುರಕ್ಕಬಾತ್‌ನಲ್ಲೊಂದು ಅಂಗಡಿ. ಮನೆತನದ ಹೆಸರು ಹೇಳಿದರೆ ಸಾಕು, ಅದರ ಚರಿತ್ರೆಯನ್ನೂ ಲಾಂಛನವನ್ನೂ ಅಚ್ಚು ಹಾಕಿ ಫ್ರೇಮ್ ಮಾಡಿಕೊಡುತ್ತಾರೆ. ಮಾದರಿಗೆ ತೂಗುಹಾಕಿದ್ದು ಮಾರ್ಟಿಮರ್ ಎಂಬ ನಾರ್ಮನ್ ಹೆಸರು. ಫ್ರಾನ್ಸಿನ ನಾರ್ಮಂಡಿಯ ಹಳ್ಳಿಯೊಂದರಿಂದ, ಇಂಗ್ಲೆಂಡನ್ನು ಗೆಲ್ಲಲು ಹೊರಟವರ ಜೊತೆ ಅಲ್ಲಿಗೆ ಹೋದ ಹೆಸರಂತೆ.

ನನ್ನ ಜೊತೆಗಿದ್ದ ಮಂಗಳೂರಿನ ನರ್ಸ್ ಲಿಲ್ಲಿ ಡಿಸೋಜರಿಗೆ ಹೊಸ ಫ್ಲ್ಯಾಟಿನ ಗೋಡೆಗೆ ಅಂಥದ್ದೊಂದು ಫ್ರೇಮ್ ಬೇಕಿತ್ತು. ಅಂಗಡಿಯವ ಪುತ್ತೂರು ಕಡೆಯ ಬ್ಯಾರಿ; ಡಿಸೋಜ ಹೆಸರಿನದೆಂದು ಸಿಂಹದ ಲಾಂಛನವಿದ್ದ ಹಾಳೆ ತೋರಿಸಿದ.

"ನಿಮ್ಮ ಹಿರಿಯರು ಪೋರ್ಚುಗಲ್‌ನಿಂದ ಹಡಗಿನಲ್ಲಿ ಬಂದದ್ದು ಬಾಯಮ್ಮ."

"ಹಡಗಿನಲ್ಲಿ ಬಂದದ್ದು ಪಾದ್ರಿಗಳು. ನಮ್ಮವರು ಗದ್ದೆಯಲ್ಲೇ ಇದ್ರು. ಪಾದ್ರಿಗಳೇ ತಲೆಗೆ ನೀರು ಹಾಕಿ, ಕ್ರಿಸ್ತಾನರನ್ನಾಗಿ ಮಾಡಿ ಈ ಹೆಸರು ಕೊಟ್ಟದ್ದು," ಎಂದರು ಲಿಲ್ಲಿ. "ನಮ್ಮ ಇಗರ್ಜಿಗೆ ಪೂಜೆಗೆ ಬರುವವರಲ್ಲಿ ಅರ್ಧ ಜನ ಡಿಸೋಜರೇ. ಊರಲ್ಲಿ ಡಿಸೋಜ ಅಂತ ಕೇಳಿದ್ರೆ ಯಾರೂ ಮನೆ ತೋರಿಸುದಿಲ್ಲ. ನಮ್ಮ ಮನೆಯ ಹೆಸರು ಹೇಳಿ ಬಾವಿಕಟ್ಟೆಯವರು ಅನ್ಬೇಕು. ಯಾರಾದ್ರೂ ಸತ್ತು ಇಗರ್ಜಿಯ ಗಂಟೆ ಹೊಡೆದಾಗಲೂ ಹೇಳುದು ಅದನ್ನೇ. ಅದನ್ನು ಹಾಕಿ."

"ಅದು ಕಂಪ್ಯೂಟರಲ್ಲಿ ಮಾಫಿ ಬಾಯಮ್ಮ," ಎಂದು ಅವ ಅರಬಿ ಸೇರಿಸಿದ. " ಇಲ್ಲವೇ ಇಲ್ಲ."

ಹೋಗೋಣವೆಂದು ನಾನು ಲಿಲ್ಲಿಯವರ ತೋಳು ಹಿಡಿದೆ. ಅವರು ಸ್ಟೂಲ್ ಎಳೆದು ಕೂತೇಬಿಟ್ಟರು.

"ಇಲ್ಲದಿದ್ರೆ ನಾನು ಹೇಳ್ತೇನೆ, ನೀವು ಟೈಪ್ ಮಾಡಿ. ಮೊದಲು ಆ ಸಿಂಹ ತೆಗೀರಿ. ನಮ್ಮಲ್ಲಿ ಇದ್ದದ್ದು ಬಾವಿ."