ನಮ್ಮ ಮನೆಯವರು ಓದಿದ ಆಡಿನ ಕಥೆ

ನಮ್ಮ ಮನೆಯವರು ಹುಚ್ಚೇಶ ತೀರಿಕೊಂಡು ವರ್ಷವಾಯಿತು. ಇಳಕಲ್ಲಿನಲ್ಲಿ ಸೀರೆ ನೇಯುತ್ತಿದ್ದರು. ಸಾಲೆ ಕಲಿತದ್ದು ಎರಡನೆಯ ಇಯತ್ತೆವರೆಗೆ. ನಾನು ಅದಕ್ಕಿಂತ ಒಂದು ಹೆಚ್ಚು. ಮಾತು ಮಾತ್ರ ಅವರದೇ ಹೆಚ್ಚು.

೨೦೦೩ರಲ್ಲಿ ಮಕ್ಕಳಿಗೆ ಓದು ಕಲಿಸುವ ಒಂದು ಸಂಸ್ಥೆಯವರು ಓಣಿಗೆ ಬಂದರು. ಜಾಗ ನೀವು ಕೊಡಿ, ಕಲಿಸುವವರೂ ನಿಮ್ಮವರೇ ಇರಲಿ, ಪುಸ್ತಕ ನಾವು ಕೊಡುತ್ತೇವೆ ಎಂದರು. ಇವರು ನನ್ನನ್ನು ಕೇಳದೆ ಮಗ್ಗದ ಕೋಣೆ ಕೊಟ್ಟರು. ಯಾಕೂಬಸಾಬರ ಮಗಳು ಆಫ್ರೀನ ಕಲಿಸಲು ಬಂದಳು. ಹತ್ತನೆಯದು ಪಾಸಾಗಿದ್ದಳು. ಪಗಾರವಿಲ್ಲ. ದಿನಾ ಮುಂಜಾನೆ, ಸಾಲೆಗೆ ಮೊದಲು ಒಂದು ತಾಸು.

ಆದರೆ ಮುಂಜಾನೆ ನೇಕಾರರ ಮಕ್ಕಳಿಗೆ ಕೆಲಸವಿರುತ್ತದೆ. ರಾಟೆ ತಿರುಗಿಸಿ ಕಂಡಿಕೆಗೆ ನೂಲು ಸುತ್ತಬೇಕು. ಎದುರು ಮನೆಯ ಪಾಂಡಪ್ಪ ಮಗಳು ಸುಮಾಳನ್ನು ಬಿಡಿಸಿಯೇಬಿಟ್ಟ. "ಓದಾಕ ಬಂದ್ರ ಕಳಸ್ತೇನಿ. ಸುಮ್ನ ಕುಂಡ್ರಾಕ ಅಲ್ಲ" ಎಂದ. ಸುಮಾ ರಾಟೆಯ ಮುಂದೆ ಕುಳಿತು ನಮ್ಮ ಬಾಗಿಲನ್ನೇ ನೋಡುತ್ತಿದ್ದಳು.

ಅಮಾವಾಸ್ಯೆಗೆ ಮಗ್ಗಗಳು ನಿಲ್ಲುತ್ತವೆ. ಅಂದು ಇವರು ಓಣಿಯವರನ್ನೆಲ್ಲ ಕರೆದರು. "ಸುಮಾ ಓದ್ತಾಳ, ಕೇಳ್ರಿ" ಎಂದು ಜಂಬ ಕೊಚ್ಚಿದರು. ಸುಮಾ ಪುಸ್ತಕ ಹಿಡಿದು ನಿಂತಳು. ಅಷ್ಟು ಜನರನ್ನು ಕಂಡು ಬಾಯಿಯೇ ಬಿಡಲಿಲ್ಲ.

"ಆತಲ್ಲ?" ಎಂದು ಪಾಂಡಪ್ಪ ಎದ್ದ.

"ಕುಂಡ್ರಲೇ, ನಾ ಓದ್ತೇನಿ" ಎಂದು ಇವರು ಪುಸ್ತಕ ತೆಗೆದುಕೊಂಡರು. ಚಿತ್ರದಲ್ಲಿ ಒಬ್ಬ ಮುದುಕಿ, ಒಂದು ಆಡು. ಇವರ ಕಣ್ಣು ಮುದುಕಿಯ ಸೆರಗಿನ ಮೇಲೆ. ನಮ್ಮ ಸೆರಗಿನಲ್ಲಿ ಬರುವ ಗೋಪುರದ ಸಾಲಿಗೆ ತೆನೆ ಎನ್ನುತ್ತೇವೆ. ಚಿತ್ರ ಬರೆದವರು ಅಂಥದ್ದೇ ಏನೋ ಗೀಚಿದ್ದರು.

"ಒಬ್ಬಾಕಿ ಮುದುಕಿ ಇದ್ಲು. ಹೊಸಾ ಸೀರಿ ಉಟ್ಟಿದ್ಲು. ಸೆರಗಿನ್ಯಾಗ ತೆನಿ ತಪ್ಪಿತ್ತು. ನೇದಾಂವಗ ಬೈಯಾಕ ಹೊಂಟ್ಲು."

"ಎಲ್ಲಿ, ತೋರ್ಸು" ಎಂದು ಪಾಂಡಪ್ಪ ಬಗ್ಗಿದ. "ಖರೆ. ಒಂದು ತೆನಿ ಸಣ್ಣದಾಗೇತಿ." ನೇಕಾರರೆಲ್ಲ ಸುತ್ತ ಮುತ್ತಿದರು.

"ಕಾಕಾ, ಅದು ಸೀರಿ ಕಥಿ ಅಲ್ಲ" ಎಂದಳು ಸುಮಾ.

"ಮತ್ತೇನೈತಿ?"

"ಆಡು ಓಡಿ ಹೋಗೇತಿ."

ಪುಸ್ತಕ ಕಿತ್ತುಕೊಂಡು, ಬೆರಳಿಟ್ಟು, ಕೊನೆಯವರೆಗೆ ಓದಿದಳು. ಆಡು ಸಿಕ್ಕಾಗ ಹೆಂಗಸರು ನಕ್ಕರು.

ಬೇಕೆಂದೇ ತಪ್ಪು ಓದಿದ, ಜಾಣ ಎಂದು ಓಣಿಯವರು ಹೇಳುತ್ತಾರೆ. ಜಾಣತನವಲ್ಲ. ಅವರಿಗೆ ಸೀರೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಮರುದಿನ ಮುಂಜಾನೆ ಪಾಂಡಪ್ಪ ಮಗಳನ್ನು ತಾನೇ ಕರೆತಂದ.

"ಹುಚ್ಚೇಶಾ, ಕಂಡಿಕಿ ನಾ ಸುತ್ಕೋತೇನಿ. ಆದ್ರ ಕಲಸೂದು ಆಫ್ರೀನ. ನೀ ಬಾಯಿ ಹಾಕಬ್ಯಾಡ."

ಇದನ್ನು ಇವರು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಈಗ ನಾನು ಹೇಳುತ್ತೇನೆ. ಅವರಷ್ಟು ಚೆನ್ನಾಗಿ ಬರುವುದಿಲ್ಲ.