ಹಸಿರು ಮುಚ್ಚಳ, ಬಿಳಿ ಮುಚ್ಚಳ

ಆ ವರ್ಷ ನಮ್ಮ ಮನೆಯಲ್ಲಿ ಎರಡು ಪಕ್ಷಗಳಿದ್ದವು, ಹಸಿರು ಮುಚ್ಚಳದ್ದೊಂದು, ಬಿಳಿ ಮುಚ್ಚಳದ್ದೊಂದು. ಎರಡೂ ಎಸೆನ್ಷಿಯಲ್ ಆಯಿಲ್, ಅಂದರೆ ಗಿಡಗಳಿಂದ ಇಳಿಸಿದ ಸುಗಂಧದ ಎಣ್ಣೆ, ಮಾರುವ ಕಂಪನಿಗಳು. ಅಂಗಡಿಯಲ್ಲಿ ಸಿಗುವಂಥ ಎಣ್ಣೆಯಲ್ಲ ಅದು. ಬಳಗದವರ ಕೈಯಿಂದ ಬಳಗದವರ ಕೈಗೆ ದಾಟುವಂಥದು. ಹೆಬ್ಬೆರಳಿನ ಗಾತ್ರದ ಕಂದು ಗಾಜಿನ ಬಾಟಲಿ, ಒಳಗೆ ಲ್ಯಾವೆಂಡರೋ ನಿಂಬೆಯೋ ಪುದೀನವೋ. ಹಸಿರು ಮುಚ್ಚಳದವರು ಹುಬ್ಬಳ್ಳಿಯ ನನ್ನ ಮಾವಶಿ, ಅವ್ವನ ತಂಗಿ. ಬಿಳಿ ಮುಚ್ಚಳದವರು ಧಾರವಾಡದಲ್ಲೇ ನಮ್ಮ ಹಿಂದಿನ ಓಣಿಯಲ್ಲಿರುವ ಅತ್ಯಾ, ಅಪ್ಪನ ಅಕ್ಕ. ಇಬ್ಬರ ನಡುವೆ ಹೆರಿಗೆಗೆಂದು ತವರಿಗೆ ಬಂದಿದ್ದ ನನ್ನ ಅಕ್ಕ, ಉಬ್ಬಿದ ಕಾಲುಗಳನ್ನು ದಿಂಬಿನ ಮೇಲೆ ಇಟ್ಟುಕೊಂಡು ಕೂತಿರುತ್ತಿದ್ದಳು.

ನಾನು ಯಾವ ಪಕ್ಷದವಳೂ ಅಲ್ಲ ಎಂದುಕೊಂಡಿದ್ದೆ. ಕಾಲೇಜಿನಲ್ಲಿದ್ದಾಗ ಚರ್ಚಾಸ್ಪರ್ಧೆಗಳಲ್ಲಿ ಚೀಟಿ ಎತ್ತಿ, ಪರ ಬಂದರೆ ಪರ, ವಿರೋಧ ಬಂದರೆ ವಿರೋಧ ಎಂದು ವಾದಿಸಿ ಬಹುಮಾನದ ಢಾಲುಗಳನ್ನು ಮನೆಗೆ ತಂದವಳು. ಈಗ ಪರೀಕ್ಷೆಗೆ ಕೂರುವ ಹುಡುಗರಿಗೆ ಕೋಚಿಂಗ್ ಸೆಂಟರಿನಲ್ಲಿ ತರ್ಕದ ಪಾಠ ಹೇಳುತ್ತೇನೆ. ಈ ವಿದ್ಯೆಯ ಅಕ್ಷರಾಭ್ಯಾಸ ಮಾಡಿಸಿದವರು ಅತ್ಯಾ. ಸಾಲಿಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು. ನಾನು ಲಂಗ ಹಾಕಿಕೊಳ್ಳುವ ಕಾಲದಲ್ಲೇ ನನ್ನನ್ನು ಕುರ್ಚಿಯ ಮೇಲೆ ನಿಲ್ಲಿಸಿ ಮಾತಾಡಿಸಿದವರು.

ಮಾವಶಿಯ ಕಂಪನಿ ಮಾತೆತ್ತಿದರೆ ಮೌಲ್ಯಗಳನ್ನು ಹೇಳುತ್ತಿತ್ತು. "ನಮ್ಮ ದೇಶದ್ದದ. ರೈತರ ಕಡಿಂದ ನೆಟ್ಟಗ ತಗೋತಾರ. ಪ್ರಾಣಿಗಳ ಮ್ಯಾಲೆ ಪರೀಕ್ಷಾ ಮಾಡಂಗಿಲ್ಲ," ಎಂದು ಮಾವಶಿ ಪಾಠ ಒಪ್ಪಿಸುವಂತೆ ಹೇಳುತ್ತ ಅಕ್ಕನ ಅಂಗಾಲಿಗೆ ಲ್ಯಾವೆಂಡರ್ ತಿಕ್ಕುತ್ತಿದ್ದಳು. ಅತ್ಯಾರ ಕಂಪನಿಯದ್ದು ಶುದ್ಧತೆಯ ಬಡಾಯಿ. ಪ್ರತಿ ಬಾಟಲಿಯ ತಳದಲ್ಲಿ ಒಂದು ಸಂಖ್ಯೆ ಇರುತ್ತಿತ್ತು. ಕಂಪನಿಯ ಜಾಲತಾಣದಲ್ಲಿ ಅದನ್ನು ಹಾಕಿದರೆ ಆ ಎಣ್ಣೆಯ ಪರೀಕ್ಷೆಯ ವರದಿ ತೆರೆದುಕೊಳ್ಳುತ್ತಿತ್ತು. "ಕುಡೀಬಹುದು, ಅಷ್ಟು ಶುದ್ಧ ಅದ," ಎನ್ನುತ್ತಿದ್ದರು ಅತ್ಯಾ. ಅಷ್ಟಕ್ಕೇ ಸುಮ್ಮನಾಗುತ್ತಿರಲಿಲ್ಲ. ಬೆಚ್ಚಗಿನ ನೀರಿಗೆ ನಿಂಬೆ ಎಣ್ಣೆಯ ಹನಿ ಬಿಟ್ಟು ತಾವೊಂದು ಗ್ಲಾಸು ಕುಡಿದು, ಅಕ್ಕನಿಗೊಂದು ಕೊಡುತ್ತಿದ್ದರು. ಬಸುರಿಯ ಎದೆಯುರಿಗೆ ಅದಕ್ಕಿಂತ ಮದ್ದಿಲ್ಲವಂತೆ.

ಅಂಗಾಲಿಗೆ ಹಚ್ಚುವುದರ ಬಗ್ಗೆ ನನಗೆ ನಗು ಬರುತ್ತಿತ್ತು, ಅಷ್ಟೇ. ಆದರೆ ಆ ಗ್ಲಾಸು ಕಂಡರೆ ನಗು ನಿಲ್ಲುತ್ತಿತ್ತು. ಅಕ್ಕನಿಗೆ ಹಿಂದೊಮ್ಮೆ ಗರ್ಭಪಾತವಾಗಿತ್ತು. ಈ ಸಲ ಅವಳ ಹೊಟ್ಟೆಯೊಳಗೆ ಏನು ಹೋಗುತ್ತದೆ ಎಂಬುದು ನನಗೆ ಆಟದ ಮಾತಾಗಿರಲಿಲ್ಲ. ತಪಾಸಣೆಗೆ ಹೋದಾಗ ಡಾಕ್ಟರನ್ನು ನಾನೇ ಕೇಳಿದೆ. "ನಾ ಬರದದ್ದು ಬಿಟ್ಟು ಬಾಯಾಗ ಏನೂ ಹಾಕಬ್ಯಾಡ್ರಿ," ಎಂದರು ಆಕೆ. ಅಕ್ಕ ಗೋಣು ಹಾಕಿದಳು. ಮನೆಗೆ ಬಂದು ಹೇಳಿದರೆ ಅತ್ಯಾ, "ಡಾಕ್ಟರಿಗೆ ಗುಳಿಗಿ ಗೊತ್ತವಾ. ಎಣ್ಣಿ ಏನ ಗೊತ್ತು?" ಎಂದರು. ಅಕ್ಕ ಅದಕ್ಕೂ ಗೋಣು ಹಾಕಿದಳು. ಗ್ಲಾಸೂ ಖಾಲಿಯಾಯಿತು.

"ಯಾಕ ಕುಡೀತಿ?" ಎಂದು ಹಿತ್ತಲಲ್ಲಿ ಹಿಡಿದು ಕೇಳಿದೆ.

"ಎದುರಿಗೇ ನಿಂತಿರ್ತಾರಲ್ಲ."

"ಬ್ಯಾಡ ಅನ್ನು. ನಾಲಿಗಿ ಇಲ್ಲೇನು?"

"ನಿನಗ ಎಲ್ಲಾರ ಪಾಲಿಂದೂ ನಾಲಿಗಿ ಅದ, ನೀ ಅನ್ನು. ಹೋದ ಸಲ ಹಂಗಾದಾಗ ಬಂದವರೆಲ್ಲಾ ನನಗ ಬುದ್ಧಿ ಹೇಳಿದ್ರು. ಮೆಟ್ಲ ಹತ್ತಬಾರದಿತ್ತು, ಪಪ್ಪಾಯಿ ತಿನ್ನಬಾರದಿತ್ತು. ಅತ್ಯಾ ಒಬ್ಬರ ಬಂದು ಏನೂ ಅನ್ನದ ನನ್ನ ತಲಿ ಬಾಚಿ ಹೆರಳು ಹಾಕಿ ಹೋದ್ರು. ಅವರಿಗೆ ಹ್ಯಾಂಗ ಬ್ಯಾಡ ಅನ್ನಲಿ?"

ಹೆರಳಿನ ಎದುರು ತರ್ಕ ನಡೆಯುವುದಿಲ್ಲ. ಆದ್ದರಿಂದ ಅದು ನಡೆಯುವ ಕಡೆ ಹೋದೆ. ಒಂದು ಭಾನುವಾರ ಇಬ್ಬರೂ ಬಂದು ಎಲ್ಲರೂ ಅವಲಕ್ಕಿ ತಿನ್ನುತ್ತ ಕೂತಿದ್ದಾಗ, ಬಿಳಿ ಮುಚ್ಚಳಕ್ಕೆ ಕೈ ಹಾಕಿದೆ.

"ಅತ್ಯಾ, ಪರೀಕ್ಷಾ ಮಾಡಿದವರು ಯಾರ್ರೀ?"

"ಕಂಪನೀದ್ದ ಪ್ರಯೋಗಾಲಯ ಅದ."

"ವರದಿ ಎಲ್ಲೆ ಸಿಗತದ?"

"ಕಂಪನಿ ಜಾಲತಾಣದಾಗ. ತೋರಿಸೇನಲ್ಲ ನಿನಗ."

"ಅಂದ್ರ ಬೇಲಿಗೆ ಓತಿಕ್ಯಾತ ಸಾಕ್ಷಿ."

ಅವ್ವ ನಕ್ಕಳು. ಮಾವಶಿ ಅವಲಕ್ಕಿ ನೆತ್ತಿಗೇರುವಂತೆ ನಕ್ಕಳು. ಆ ನಗು ನನ್ನ ಬೆನ್ನಿಗೆ ಗಾಳಿ ಹಾಕಿತು. "ಇರ್ಲಿ, ಶುದ್ಧನ ಅದ ಅಂತ ಇಟ್ಟುಕೊಳ್ಳೂಣು. ಶುದ್ಧ ಅದ ಅಂದ್ರ ಕುಡೀಬಹುದು ಅನ್ನೋದು ಯಾವ ನ್ಯಾಯ? ಶುದ್ಧ ಸೀಮೆಎಣ್ಣಿ ಕುಡೀತೀರೇನು?"

ಅತ್ಯಾ ಕನ್ನಡಕ ಸರಿಮಾಡಿಕೊಂಡು, ಚಹಾ ಮುಗಿಸಿ, ಬಸಿಯನ್ನು ತಾವೇ ತೊಳೆದಿಟ್ಟು ಮನೆಗೆ ಹೋದರು. ನಾನು ಗೆದ್ದಿದ್ದೆ. ಆ ಸಂಜೆಯೇ ಮಾವಶಿಯ ಹುಬ್ಬಳ್ಳಿಯ ಗುಂಪಿನಲ್ಲಿ, ಹಸಿರು ಮುಚ್ಚಳ ಮಾರುವ ಹೆಂಗಸರ ಮೊಬೈಲ್ ಗುಂಪದು, ನನ್ನ ಧ್ವನಿ ಓಡಾಡಿತು. ಮೊಬೈಲಿನಲ್ಲಿ ಹಿಡಿದುಕೊಂಡಿದ್ದಳಂತೆ. "ಚರ್ಚಾಸ್ಪರ್ಧಾ ಗೆದ್ದ ನಮ್ಮ ಅಕ್ಕನ ಮಗಳು ಬಿಳಿ ಮುಚ್ಚಳದ ಬಗ್ಗೆ ಏನಂತಾಳ ಕೇಳ್ರಿ" ಎಂಬ ಒಕ್ಕಣೆ ಬೇರೆ. ನನಗೆ ಗುರುತಿಲ್ಲದ ಹೆಂಗಸರು ಫೋನು ಮಾಡಿ, "ಹಂಗಾದ್ರ ಹಸಿರು ಛಲೋ ಅಂತೀರಿ, ಹೌದಲ್ರಿ?" ಎಂದು ಕೇಳತೊಡಗಿದರು. ನಾನು ಹಾಗೆ ಅಂದೇ ಇಲ್ಲ ಎಂದರೆ, "ನಿಮ್ಮ ಮಾತಿನ ಅರ್ಥ ಅದ ಅಲ್ರೀ?" ಎನ್ನುತ್ತಿದ್ದರು.

ಸಮತೋಲ ಬೇಕಲ್ಲ. ಮುಂದಿನ ವಾರ ಹಸಿರಿನ ಸರದಿ.

"ಮಾವಶಿ, ರೈತರ ಕಡಿಂದ ತಗೋತಾರ ಅಂದ್ಯಲ್ಲ, ಯಾವ ಊರ ರೈತರು?"

"ಅವರೆಲ್ಲಾ ದೂರ ಇರ್ತಾರವಾ."

"ಎಷ್ಟು ದೂರ? ಇಲ್ಲೇ ಬಾಜೂ ಅಮ್ಮಿನಬಾವಿ ಹೊಲದಾಗ ಬೆಳೀತದೇನು ಲ್ಯಾವೆಂಡರ್, ಜ್ವಾಳದ ಸಾಲಿನ ನಡುವ?"

"ಚಾಷ್ಟಿ ಮಾಡಬ್ಯಾಡ."

"ಪ್ರಾಣಿಗಳ ಮ್ಯಾಲೆ ಪರೀಕ್ಷಾ ಮಾಡಂಗಿಲ್ಲ ಅಂತೀ. ಮತ್ತ ಯಾರ ಮ್ಯಾಲೆ ಮಾಡ್ತಾರ? ನಮ್ಮ ಅಕ್ಕನ ಮ್ಯಾಲೆ?"

ಮಾವಶಿಯ ಕಣ್ಣು ತುಂಬಿತು. ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಂಡು, ಉಪ್ಪಿಟ್ಟನ್ನೂ ಮುಟ್ಟದೆ, ಹುಬ್ಬಳ್ಳಿಯ ಬಸ್ಸು ಹಿಡಿದಳು. ಮರುದಿನ ಬೆಳಿಗ್ಗೆ ಅತ್ಯಾ ಡಬ್ಬಿ ತುಂಬ ಬೇಸನ್ ಉಂಡಿ ಹಿಡಿದುಕೊಂಡು ಬಂದರು. "ಈ ಹುಡುಗಿ ಖರೇಕ್ಕೂ ತೂಕಾ ಮಾಡಿ ಮಾತಾಡ್ತಾಳ," ಎಂದು ನನ್ನ ಗದ್ದ ಹಿಡಿದರು. ಆ ಖುಷಿಯಲ್ಲಿ ಅಕ್ಕನ ಗ್ಲಾಸಿಗೆ ಎಂದಿನ ಒಂದು ಹನಿಯ ಬದಲು ಎರಡು ಬಿದ್ದವು.

ನಾನು ಉಂಡಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಸ್ಪರ್ಧೆಯಲ್ಲಾದರೆ ಮೇಜಿನ ಆಚೆ ತೀರ್ಪುಗಾರರಿರುತ್ತಾರೆ, ಅವರು ಎರಡೂ ಕಡೆಯವರದ್ದು ಹುಸಿ ಎಂದು ಬರೆದು ಏಳಬಹುದು. ಇಲ್ಲಿ ನಾನು ಒಬ್ಬರ ಗೋಡೆಯಿಂದ ಕಿತ್ತ ಕಲ್ಲನ್ನು ಇನ್ನೊಬ್ಬರು ಎತ್ತಿಕೊಂಡು ಹೋಗಿ ತಮ್ಮ ಗೋಡೆಗೆ ಇಟ್ಟುಕೊಳ್ಳುತ್ತಿದ್ದರು. ನಾನು ಬಾಯಿ ತೆರೆದಷ್ಟೂ ಎಣ್ಣೆ ಹೆಚ್ಚಾಗುತ್ತಿತ್ತು. ಸುಮ್ಮನಿದ್ದರೆ ಗ್ಲಾಸು ಹೇಗೂ ಇತ್ತು.

"ಎರಡೂ ಬ್ಯಾಡ ಅಂತ ಕಡ್ಡಿ ಮುರದಂಗ ಹೇಳಿಬಿಡವಾ," ಎಂದು ಅವ್ವನಿಗೆ ಗಂಟುಬಿದ್ದೆ.

ಅವ್ವ ಕೊತ್ತಂಬರಿ ಸೋಸುತ್ತಿದ್ದಳು. ತಲೆ ಎತ್ತಲಿಲ್ಲ. "ಹೇಳ್ತೇನಿ. ನಾಳೆ ಬಾಣಂತನಾ ಯಾರು ಮಾಡ್ತಾರ? ನನ್ನ ಮೊಣಕಾಲು ನೋಡೀದಿ. ಕೂಸಿಗೆ ನೀರು ಹಾಕೋದು ನಿಮ್ಮ ಮಾವಶಿ, ಬಾಣಂತಿ ಅಡಗಿ ನಿಮ್ಮ ಅತ್ಯಾ. ನೀ ಹಾಕ್ತೀಯೇನು ನೀರು, ಕಾಲಮ್ಯಾಲೆ ಮಲಗಿಸಿಕೊಂಡು?"

"ಅದಕ್ಕೂ ಎಣ್ಣಿಗೂ ಏನು ಸಂಬಂಧ?"

"ನಿನಗ ಸಂಬಂಧ ಕಾಣಂಗಿಲ್ಲ, ಅದ ತ್ರಾಸ ನಿಂದು. ಒಂದು ಹಿಡದ್ರ ಒಬ್ಬರು ನಾಕು ದಿನಾ ಸಿಟ್ಟಾಗ್ತಾರ. ಎರಡೂ ಬಿಟ್ರ ಇಬ್ಬರೂ ಕೂಡೇ ಹೋಗ್ತಾರ."

ಇಷ್ಟು ದಿನ ಎರಡೂ ನಡೆದಿದ್ದವು, ಆದರೆ ಈ ಜಗಳಗಳಾದ ಮೇಲೆ ಎರಡನ್ನೂ ಹಿಡಿಯುವ ದಾರಿಯೂ ಉಳಿಯಲಿಲ್ಲ. ಮಾವಶಿಯೂ ಅತ್ಯಾರೂ ಈಗ ಒಪ್ಪುತ್ತಿದ್ದ ಮಾತು ಜಗತ್ತಿನಲ್ಲಿ ಒಂದೇ: ಎರಡು ಕಂಪನಿಯ ಎಣ್ಣೆಗಳನ್ನು ಒಂದೇ ಮೈಗೆ ಕೂಡಿಸಬಾರದು. ಹಾಗಾಗಿ ಆಯ್ಕೆ ಆಗಲೇಬೇಕಿತ್ತು. ಅದಕ್ಕೊಂದು ಹೊತ್ತು ಬೇಕಿತ್ತು, ಕುಬಸದ ದಿನ ಬಂತು.

ಕುಬಸವೆಂದರೆ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಆರತಿ ಮಾಡಿ ಉಡಿ ತುಂಬುವ ದಿನ. ಪಡಸಾಲೆಯ ತುಂಬ ಹೆಂಗಸರು. ಮಾವಶಿ ಮೊದಲು ಎದ್ದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ರವಿಕೆಯ ಖಣ, ಎಲ್ಲದರ ಮೇಲೆ ಹಸಿರು ಮುಚ್ಚಳದ ಬಾಟಲಿಯೊಂದನ್ನು ಅಕ್ಕನ ಸೆರಗಿಗೆ ಹಾಕಿದಳು. ಅತ್ಯಾ ಎದ್ದರು. ಅಕ್ಕಿ, ಕೊಬ್ಬರಿ, ಉತ್ತತ್ತಿ, ಖಣ. ಬಿಳಿ ಮುಚ್ಚಳದ ಬಾಟಲಿ.

"ಅಯ್ಯ, ಹಸಿರು ಕುಬಸಕ್ಕ ಯಾರರೇ ಬಿಳೀದು ತರ್ತಾರೇನ್ರಿ?" ಎಂದಳು ಮಾವಶಿ, ಎಲ್ಲರಿಗೂ ಕೇಳುವಂತೆ.

"ನಾಳೆ ಕೂಸು ಕುಡಿಯೋದು ಏನು ಹಸರು ಹಾಲೇನು?" ಎಂದರು ಅತ್ಯಾ.

ಪಡಸಾಲೆ ಬಿದ್ದು ಬಿದ್ದು ನಕ್ಕಿತು. ನನಗೆ ನಗು ಬರಲಿಲ್ಲ. ಉಡಿಯಲ್ಲಿ ಬಿದ್ದದ್ದನ್ನು ತಿರುಗಿ ಕೊಡುವಂತಿಲ್ಲ, ಎಸೆಯುವಂತಿಲ್ಲ. ಬೇರೆ ಹೊತ್ತಿನಲ್ಲಾದರೆ ಬೇಡ ಎನ್ನಬಹುದಾದ ಬಾಟಲಿಗಳು ಈಗ ಅಕ್ಕಿಯ ಮೇಲೆ ಕೂತು ಮುತ್ತೈದೆತನದ ಮಾತಾಗಿಬಿಟ್ಟಿದ್ದವು. ಅಕ್ಕ ಎರಡೂ ಕೈಯಿಂದ ಸೆರಗು ಹಿಡಿದುಕೊಂಡಿದ್ದಳು. ಅವಳ ಹಣೆಯ ಮೇಲೆ ಬೆವರಿತ್ತು.

"ಯಾವುದು ಬಳಸಲಿ ಅಂತ ಈಗ ಹೇಳಿಬಿಡ್ರಿ. ನನಗ ದಿನಾ ಜಗಳಾ ಕೇಳಿ ಸಾಕಾಗೇದ," ಎಂದಳು ಅಕ್ಕ.

ಅವ್ವ ನನ್ನತ್ತ ತಿರುಗಿದಳು. "ಎರಡೂ ಅಳದು ಸುರದಾಕಿ ನೀ. ನೀನ ಹೇಳು."

ಮಾವಶಿ ತಲೆಯಾಡಿಸಿದಳು. ಅತ್ಯಾ ಕೂಡ, "ಹೇಳ್ಲಿ, ಆಕಿ ಹೇಳಿದ್ದು ನನಗ ಒಪ್ಪಿಗಿ," ಎಂದರು. ಇಬ್ಬರಿಗೂ ನನ್ನ ಮೇಲೆ ವಿಶ್ವಾಸವಿತ್ತು. ಇಬ್ಬರ ಕಂಪನಿಯ ಮೇಲೂ ನನಗಿರಲಿಲ್ಲ.

ನನಗೆ ಗೊತ್ತಿದ್ದ ವ್ಯತ್ಯಾಸ ಒಂದೇ. ಹಸಿರನ್ನು ಕಾಲಿಗೆ ಹಚ್ಚುತ್ತಾರೆ, ಬಿಳಿಯದನ್ನು ಕುಡಿಸುತ್ತಾರೆ. ಆದರೆ ಆರತಿ ಇನ್ನೂ ಉರಿಯುತ್ತಿರುವ ಪಡಸಾಲೆಯಲ್ಲಿ, ತುಂಬಿದ ಉಡಿಯ ಎದುರು, ನೀವು ಕೊಡುವ ನೀರಿನಿಂದ ಕೂಸಿಗೆ ಏನಾದರೂ ಆದೀತು ಎಂದು ಅತ್ಯಾರಿಗೆ ಹೇಗೆ ಹೇಳುವುದು? ಆ ಮಾತನ್ನು ಆ ದಿನ ಆಡಬಾರದು ಎಂದು ತಿಳಿಯುವಷ್ಟು ಈ ಊರಿನವಳು ನಾನು. "ಹಸಿರು," ಎಂದೆ. ಯಾಕೆ ಎಂದು ಯಾರೋ ಕೇಳಿದರು. "ನಮ್ಮ ದೇಶದ್ದದ. ರೈತರಿಗೆ ನ್ಯಾಯ ಆಗತದ. ಮೌಲ್ಯ ಇರೋ ಕಂಪನಿ," ಎಂದೆ. ವಾರದ ಹಿಂದೆ ನಾನೇ ಹಲ್ಲು ಮುರಿದಿದ್ದ ಮಾತುಗಳು. ಒಂದೂ ತಡವರಿಸದೆ, ಏರಿಳಿತ ಸಮೇತ ಹೊರಬಂದವು.

ಮಾವಶಿ ನನ್ನನ್ನು ಅಪ್ಪಿಕೊಂಡು ಕೈಗೆ ಬಾಟಲಿ ಕೊಟ್ಟು ಫೋಟೋ ತೆಗೆದಳು. ಹೋಳಿಗೆ ಬಡಿಸುವ ಹೊತ್ತಿಗೆ ನಾನು ಅವಳ ಗುಂಪಿನ ಹೊಸ ಸದಸ್ಯೆಯಾಗಿದ್ದೆ. ಮೊಬೈಲಿನಲ್ಲಿ ಹೂವು, ಚಪ್ಪಾಳೆ, ಸ್ವಾಗತ. ಅತ್ಯಾ ಕುಂಕುಮ ಹಚ್ಚಿಸಿಕೊಂಡು, ಊಟ ಮುಗಿಸಿ, ಅಕ್ಕನ ತಲೆ ಸವರಿ ಹೋದರು. ಆಮೇಲೆ ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದರು.

ಅಕ್ಕ ಕುಡಿಯುವುದೂ ನಿಂತಿತು. ನನಗೆ ಬೇಕಾಗಿದ್ದದ್ದು ಅದೇ. ಆದರೂ ಬಾಗಿಲಲ್ಲಿ ಚಪ್ಪಲಿಯ ಸದ್ದಾದರೆ ಅತ್ಯಾರೇ ಎಂದು ಎದ್ದು ನೋಡುತ್ತಿದ್ದೆ. ಒಂದು ಮಧ್ಯಾಹ್ನ ಕ್ಲಾಸು ಮುಗಿಸಿ ನೇರ ಅತ್ಯಾರ ಮನೆಗೆ ಹೋದೆ. ಅವರು ಊಟದ ಮೇಜಿನ ಮುಂದೆ ಕೂತಿದ್ದರು.

"ಕೂಡು," ಎಂದರು. "ಕುಬಸದಾಗ ನೀ ಹೇಳಿದ ಕಾರಣ ನಿನ್ನವಲ್ಲ. ಬಾಯಿಪಾಠ ಮಾಡಿದ್ದು ನನಗ ತಿಳೀತದ, ಜನ್ಮಾ ಎಲ್ಲಾ ಅದನ್ನ ಕೇಳೇನಿ. ಖರೇ ಕಾರಣ ಏನು?"

ಹೇಳಿದೆ. ಡಾಕ್ಟರು ಹೇಳಿದ್ದು, ಹೋದ ಸಲದ ಹೆದರಿಕೆ, ಎರಡು ಹನಿ ಬಿದ್ದ ದಿನ. ಈ ಸಲ ಗಾದೆ ಬರಲಿಲ್ಲ, ಸೀಮೆಎಣ್ಣೆ ಬರಲಿಲ್ಲ. ಅತ್ಯಾ ಮೇಜಿನ ಮೇಲಿನ ಹಾಸನ್ನು ಸರಿಮಾಡಿದರು.

"ಇಷ್ಟು ಅವತ್ತ ನನ್ನ ಒಬ್ಬಾಕಿ ಮುಂದ ಹೇಳಿದ್ರ ಮುಗೀತಿತ್ತಲ್ಲ. ಅವಲಕ್ಕಿ ತಿನ್ನೋವಾಗ ಎಲ್ಲಾರನ್ನೂ ನಗಸೋದು ಬೇಕಾಗಿತ್ತೇನು? ಇರ್ಲಿ. ನಾ ಆಕಿಗೆ ಇನ್ನ ಕೊಡಂಗಿಲ್ಲ. ಬಾಣಂತನಕ್ಕ ಬರ್ತೇನಿ, ನಿಮ್ಮವ್ವಗ ಹೇಳು."

ಎದೆಯ ಮೇಲಿನ ಕಲ್ಲು ಇಳಿಯಿತು ಎಂದುಕೊಳ್ಳುವಷ್ಟರಲ್ಲಿ ಅವರು ಎದ್ದು ತಮ್ಮ ಗ್ಲಾಸಿಗೆ ಬೆಚ್ಚಗಿನ ನೀರು ತುಂಬಿಕೊಂಡು ಬಂದರು. ಬಿಳಿ ಮುಚ್ಚಳ ತಿರುವಿದರು.

"ನೀವೂ ಬಿಟ್ಟುಬಿಡ್ರಿ, ಅತ್ಯಾ," ಎಂದೆ.

ಅವರ ಕೈ ನಿಂತಿತು. "ಯಾಕ?"

"ಅಕ್ಕನ ಹೊಟ್ಟಿಗೆ ಬ್ಯಾಡಾದದ್ದು ನಿಮ್ಮ ಹೊಟ್ಟಿಗೆ ಯಾಕ?"

"ನಾ ಎಷ್ಟು ದಿನದಿಂದ ನಿನ್ನ ಕಣ್ಣ ಮುಂದ ಕುಡೀಲಿಕತ್ತೇನಿ. ಇವತ್ತ ನೆನಪಾತೇನು ನಿನಗ ನನ್ನ ಹೊಟ್ಟಿ?" ಎಂದರು. ಸಿಟ್ಟಿರಲಿಲ್ಲ. ಮೊಬೈಲು ತೆಗೆದು ನನ್ನ ಕಡೆ ತಿರುಗಿಸಿದರು. ಹಸಿರು ಬಾಟಲಿ ಹಿಡಿದು ಹಲ್ಲು ಕಿರಿದ ನನ್ನ ಫೋಟೋ ಯಾರಿಂದಲೋ ಯಾರಿಗೋ ದಾಟಿ ಅವರ ತನಕ ಬಂದಿತ್ತು. "ಮತ್ತ ಈಗ ಇದನ್ನ ಹೇಳ್ಲಿಕತ್ತಾಕಿ ಯಾರು? ನನ್ನ ತಮ್ಮನ ಮಗಳೋ, ಆ ಕಂಪನಿ ಹುಡುಗಿಯೋ? ಹ್ಯಾಂಗ ತಿಳೀಬೇಕು ನನಗ?"

ನನ್ನ ಬಳಿ ವಾದಗಳು ಸಾಲಾಗಿ ಇದ್ದವು. ಎಲ್ಲವೂ ಖರೆ. ಆದರೆ ಎಲ್ಲವನ್ನೂ ಮಾವಶಿಯ ಗುಂಪಿನಲ್ಲಿ ಬೆಳಗಾದರೆ ಯಾರಾದರೊಬ್ಬರು ಬಿಳಿ ಮುಚ್ಚಳದವರ ವಿರುದ್ಧ ಬರೆಯುತ್ತಲೇ ಇದ್ದರು, ಹೆಚ್ಚುಕಡಿಮೆ ಅದೇ ಶಬ್ದಗಳಲ್ಲಿ.

ಅತ್ಯಾ ಹನಿ ಬಿಟ್ಟರು. ಚಮಚೆಯಿಂದ ತಿರುವಿ, ನನ್ನನ್ನು ನೋಡುತ್ತಲೇ, ಗುಟುಕು ಗುಟುಕಾಗಿ ಪೂರ್ತಿ ಕುಡಿದರು. ಗ್ಲಾಸು ಕೆಳಗಿಟ್ಟು, "ಚಹಾ ಮಾಡ್ಲ್ಯಾ?" ಎಂದು ಕೇಳಿದರು.

ಹೂಂ ಎಂದೆ.