ತಾನೇ ಹೊತ್ತಿಕೊಂಡ ಉದ್ಘಾಟನಾ ದೀಪ

ಈ ಬರಹದಲ್ಲಿ ಭಾಷೆಯ ದೋಷಗಳು ಕಂಡುಬಂದರೆ ಓದುಗರು ದಯವಿಟ್ಟು ಕ್ಷಮಿಸಬೇಕು. ನಮ್ಮ ಮನೆಯ ಮಾತು ಬ್ಯಾರಿ, ಪೇಟೆಯ ಮಾತು ತುಳು. ಕನ್ನಡ ನನಗೆ ಶಾಲೆಯಲ್ಲಿ ದೊರೆತದ್ದು. ದೊರೆತ ಮೇಲೆ ಅದನ್ನು ಹಬ್ಬದ ಬಟ್ಟೆಯಂತೆ ಸುಕ್ಕಾಗದ ಹಾಗೆ ಬಳಸುತ್ತ ಬಂದಿದ್ದೇನೆ. ನೆನಪು ಎಲ್ಲಾದರೂ ಎಡವಿದ್ದರೆ ಆ ಕೊರತೆಯೂ ನನ್ನದೇ.

ಎರಡು ಸಾವಿರದ ನಂತರದ ಮೊದಲ ದಶಕ ಮುಗಿಯುತ್ತ ಬಂದ ಕಾಲ. ಬಂಟ್ವಾಳದ ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಬಾಪನಿಗೆ, ಎಂದರೆ ನಮ್ಮ ತಂದೆಗೆ, ಪೇಟೆಯಲ್ಲಿ ಚಪ್ಪಲಿ ಅಂಗಡಿ ಇತ್ತು. ನನಗೆ ಬೆಳ್ತಂಗಡಿಯಲ್ಲಿ ಶಿಕ್ಷಕರಿಗೆ ಕಂಪ್ಯೂಟರ್ ತರಬೇತಿ ನೀಡುವ ಗುತ್ತಿಗೆಯ ಕೆಲಸ ಸಿಕ್ಕಿತ್ತು. ಗುತ್ತಿಗೆ ಮುಂದುವರಿಯುವುದೋ ಇಲ್ಲವೋ ಎಂಬುದನ್ನು ಬೇಸಿಗೆ ರಜೆಯ ತರಬೇತಿಯನ್ನು ನೋಡಲು ಬರುವ ಮೇಲಧಿಕಾರಿಗಳು ತೀರ್ಮಾನಿಸುವವರಿದ್ದರು.

ಆ ತೀರ್ಮಾನಕ್ಕಾಗಿ ನನಗಿಂತ ಹೆಚ್ಚು ಆತಂಕದಿಂದ ಕಾಯುತ್ತಿದ್ದವಳು ನನ್ನ ತಂಗಿ. ಅವಳು ಆಗಷ್ಟೇ ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಮೂಡುಬಿದಿರೆಯ ಕಾಲೇಜಿಗೆ ಸೇರಬೇಕೆಂದಿದ್ದಳು. ಗಲ್ಫಿನಿಂದ ರಜೆಯಲ್ಲಿ ಬಂದಿದ್ದ ಚಿಕ್ಕಪ್ಪ ಸೆಂಟಿನ ಬಾಟಲಿಗಳ ಜೊತೆಗೆ ಒಂದು ತೀರ್ಪನ್ನೂ ತಂದಿದ್ದರು: "ದೊಡ್ಡವಳ ಓದು ನಿಲ್ತದಾ ಬೀಳ್ತದಾ ಅಂತ ಮೊದಲು ನೋಡುವ. ಅವಳೇ ವರ್ಷ ಕಳೆದು ಮನೆಗೆ ಬಂದು ಕೂತರೆ ಚಿಕ್ಕವಳಿಗೆ ಕಾಲೇಜು ಯಾಕೆ?" ಬಾಪ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಹೀಗಾಗಿ ನಾನು ಸಂಜೆ ಬಸ್ಸಿಳಿದು ಮನೆ ಸೇರುತ್ತಿದ್ದಂತೆ ತಂಗಿಯ ಪ್ರಶ್ನೆ ಸಿದ್ಧವಾಗಿರುತ್ತಿತ್ತು: "ನಿನ್ನ ಮಾಷ್ಟ್ರುಗಳು ಇವತ್ತಾದರೂ ಏನಾದರೂ ಕಲಿತರಾ?"

ಕಲಿಯಬೇಕಾಗಿದ್ದ ವಿಷಯವನ್ನು ಸರಳವಾಗಿ ಹೇಳುವುದಾದರೆ ಇಷ್ಟು. ಕಂಪ್ಯೂಟರಿಗೆ ಒಂದು ಪುಟ್ಟ ಬೋರ್ಡನ್ನು ಜೋಡಿಸಬೇಕು; ಆ ಬೋರ್ಡಿಗೆ ಬೆಳಕು, ಶಾಖ, ನೀರು ಮುಂತಾದವನ್ನು ಗುರುತಿಸುವ ಸೆನ್ಸರುಗಳನ್ನೂ ಬಲ್ಬು, ಮೋಟಾರುಗಳನ್ನೂ ಸೇರಿಸಬೇಕು; ಶಿಕ್ಷಕರು ತಮ್ಮ ಪರಿಸರದ ಒಂದು ಸಮಸ್ಯೆಯನ್ನು ಆರಿಸಿಕೊಂಡು, ಅದಕ್ಕೆ ಪರಿಹಾರವಾಗಿ ಏನನ್ನಾದರೂ ಮಾಡಿ, ಮಾಡುತ್ತ ಕಲಿಯಬೇಕು. ಮುಂದೆ ಮಕ್ಕಳಿಗೂ ಹಾಗೆಯೇ ಕಲಿಸಬೇಕು.

ಈ ಸಾಮಗ್ರಿಗಳೆಲ್ಲ ಇದ್ದ ಕಿಟ್ಟಿನ ಪೆಟ್ಟಿಗೆಯನ್ನು ಶಿಕ್ಷಕರು ಬಹಳ ಗೌರವದಿಂದ ಕಂಡರು. ಅದಕ್ಕೆ ಕುಂಕುಮವಿಟ್ಟು ಹೂ ಏರಿಸಿದರು. ಪ್ಲಾಸ್ಟಿಕ್ ಹೊದಿಕೆಯನ್ನು ಮಾತ್ರ ತೆಗೆಯಗೊಡಲಿಲ್ಲ.

"ತೆಗೆದರೆ ಹಾಳಾಗ್ತದೆ ಟೀಚರ್," ಎಂದರು ನೆರಿಯ ಊರಿನ ಕಡೆಯ ಹಿರಿಯ ಮುಖ್ಯೋಪಾಧ್ಯಾಯರು. ಅವರ ನಿವೃತ್ತಿ ಸಮೀಪಿಸಿತ್ತು. "ಸ್ಟಾಕಿನಲ್ಲಿ ಇದ್ದ ಹಾಗೆ ಇರಲಿ. ನೀವು ಕರಿಹಲಗೆಯಲ್ಲಿ ಚಿತ್ರ ಬಿಡಿಸಿ, ನಾವು ಬರೆದುಕೊಳ್ತೇವೆ."

ಗುಂಪುಗಳನ್ನು ಮಾಡಿ ಸಮಸ್ಯೆಯನ್ನು ಆರಿಸಿಕೊಳ್ಳಿ ಎಂದಾಗ ಎಲ್ಲರೂ 'ಸಮಸ್ಯೆ' ಎಂದು ಬರೆದುಕೊಂಡು ಅಡಿಗೆರೆ ಎಳೆದರು. ಚಾರ್ಮಾಡಿಯಿಂದ ಬರುತ್ತಿದ್ದ ವಿಜ್ಞಾನ ಶಿಕ್ಷಕಿಯೊಬ್ಬರು ಶಾಲೆಯ ನೀರಿನ ಟ್ಯಾಂಕಿಯ ಮಾತೆತ್ತಿದರು. ಮುಖ್ಯೋಪಾಧ್ಯಾಯರು ಅವರನ್ನು ಅಲ್ಲಿಯೇ ತಡೆದರು.

"ಬೇಡ ಮಾರಾಯ್ರೇ. ನಮ್ಮ ಶಾಲೆಯಲ್ಲಿ ಸಮಸ್ಯೆ ಉಂಟು ಅಂತ ನಾವೇ ಬರೆದು ಕೊಟ್ಟರೆ ನಾಳೆ ನಮ್ಮಲ್ಲಿಯೇ ವಿವರಣೆ ಕೇಳ್ತಾರೆ. ಯಾರಿಗೂ ತೊಂದರೆ ಆಗದ ಸಮಸ್ಯೆ ಇದ್ದರೆ ಹೇಳಿ."

ಹುಡುಕಿ ಹುಡುಕಿ ಅಂಥದೊಂದು ದೊರೆಯಿತು. ಯಾವ ಕಾರ್ಯಕ್ರಮದಲ್ಲಿಯೂ ಅತಿಥಿಗಳು ದೀಪ ಬೆಳಗಿಸುವಾಗ ಗಾಳಿಗೆ ಬತ್ತಿ ಆರಿಹೋಗುತ್ತದೆ, ಅತಿಥಿಗಳಿಗೆ ಮುಜುಗರವಾಗುತ್ತದೆ. ಎಲ್ಲ ಗುಂಪುಗಳೂ ಒಕ್ಕೊರಲಿನಿಂದ ಇದನ್ನೇ ಆರಿಸಿಕೊಂಡವು. ದೀಪಸ್ತಂಭದಲ್ಲಿ ಬತ್ತಿಯ ಬದಲು ಬಲ್ಬುಗಳು. ಸ್ತಂಭದ ತುದಿಯಲ್ಲಿ ಬೆಳಕನ್ನು ಗುರುತಿಸುವ ಸೆನ್ಸರು. ಅತಿಥಿಗಳು ಉರಿಯುವ ಮೋಂಬತ್ತಿಯನ್ನು ಹತ್ತಿರ ತಂದರೆ ಬಲ್ಬುಗಳು ಹೊತ್ತಿಕೊಳ್ಳಬೇಕು. ಪ್ಲಾಸ್ಟಿಕ್ ಹೊದಿಕೆ ಆಗ ತಾನಾಗಿಯೇ ಕಳಚಿತು. ಆದರೆ ಜೋಡಿಸುವ ಕೆಲಸವೆಲ್ಲ ನನ್ನ ಪಾಲಿಗೆ ಬಂತು. ಅವರು ನಾನು ಹೇಳಿದ ವಾಕ್ಯಗಳನ್ನು ಬರೆದುಕೊಂಡರು. "ಇದು ಯಾಕೆ ಹೊತ್ತುತ್ತದೆ?" ಎಂದು ಕೇಳಿದರೆ "ನೀವು ಹೇಳಿಕೊಟ್ಟ ಹಾಗೆ" ಎಂಬ ಉತ್ತರ ಬರುತ್ತಿತ್ತು.

ಮೇಲಧಿಕಾರಿಗಳಿಗೆ ಮೊದಲ ದಿನ ಬಿಡುವಿರಲಿಲ್ಲ. ಆದ್ದರಿಂದ ತರಬೇತಿಯ ಉದ್ಘಾಟನೆಯನ್ನೂ ಸಮಾರೋಪವನ್ನೂ ಕೊನೆಯ ದಿನವೇ ಇಟ್ಟುಕೊಳ್ಳಲಾಯಿತು. ಅಲ್ಲಿಯವರೆಗೆ ನಡೆದದ್ದು ಇನ್ನೂ ಆರಂಭವಾಗದ ತರಬೇತಿ.

ಅಭ್ಯಾಸವನ್ನು ನಾವು ಕಿಟಕಿ ಮುಚ್ಚಿದ ಕೊಠಡಿಯಲ್ಲಿ ನಡೆಸಿದ್ದೆವು. ಕೊನೆಯ ದಿನ ಬೆಳಿಗ್ಗೆ ಸೆಕೆ ವಿಪರೀತವಾಗಿತ್ತು. "ಸಾಹೇಬರು ಬೆವರಬಾರದಲ್ಲ," ಎನ್ನುತ್ತ ಮುಖ್ಯೋಪಾಧ್ಯಾಯರು ಸ್ವತಃ ಹೋಗಿ ಕಿಟಕಿಗಳನ್ನೆಲ್ಲ ತೆರೆದರು. ಬಿಸಿಲು ಒಳಗೆ ಬಂತು. ವೇದಿಕೆಯ ಮೇಲೆ ದೀಪ ಹೊತ್ತಿಕೊಂಡಿತು.

ಮುಖ್ಯೋಪಾಧ್ಯಾಯರು ಕಿಟಕಿಯ ಕಂಬಿಯನ್ನು ಹಿಡಿದುಕೊಂಡೇ ತಿರುಗಿದರು.

"ಹಾಗಾದರೆ ಉದ್ಘಾಟನೆ ಮಾಡಿದ್ದು ನಾನಾ?"

"ನೀವೇ ಸರ್," ಎಂದರು ಚಾರ್ಮಾಡಿಯ ಶಿಕ್ಷಕಿ. "ಭಾಷಣವೂ ಮಾಡಿಬಿಡಿ."

"ತಮಾಷೆ ಬೇಡ ಮಾರಾಯ್ರೇ! ಪಿಂಚಣಿಗೆ ತೊಂದರೆ ಆಗ್ತದಾ?"

ನಾನು ಸ್ವಿಚ್ಚಿನ ಕಡೆಗೆ ಕೈ ಚಾಚಿದೆ. ಅವರು ಓಡಿಬಂದು ಅಡ್ಡ ನಿಂತರು. "ಬೇಡ ಟೀಚರ್. ಶುಭಕಾರ್ಯದ ಮೊದಲು ಹೊತ್ತಿದ ದೀಪವನ್ನು ಆರಿಸುವುದುಂಟಾ?"

"ಸರ್, ಅದು ಬಲ್ಬು."

"ಬಲ್ಬು ಆದರೇನು? ಆಮಂತ್ರಣದಲ್ಲಿ ದೀಪ ಅಂತ ಉಂಟಲ್ಲ!"

ಅವರ ಹಿಂದಿದ್ದವರೆಲ್ಲ ತಲೆಯಾಡಿಸಿದರು. ಅಷ್ಟರಲ್ಲಿ ಅಂಗಳದಲ್ಲಿ ಜೀಪಿನ ಸದ್ದು ಕೇಳಿಸಿತು. ನನ್ನ ಕಣ್ಣ ಮುಂದೆ ತಂಗಿಯ ಮುಖ ಬಂತು. ಅತಿಥಿಗಳಿಗೆ ಹೊದಿಸಲೆಂದು ತಂದಿದ್ದ ಶಾಲು ತಟ್ಟೆಯಲ್ಲಿತ್ತು. ಚಾರ್ಮಾಡಿಯ ಶಿಕ್ಷಕಿ ಅದನ್ನೆತ್ತಿ ದೀಪಸ್ತಂಭದ ಮೇಲೆ ಹಾಕಿಬಿಟ್ಟರು. ಹೊತ್ತಿರುವುದು ಕಾಣದಿದ್ದರೆ ಸಾಕು ಎಂಬುದಷ್ಟೇ ಅವರ ಉದ್ದೇಶ. ಶಾಲು ತುದಿಯ ಸೆನ್ಸರನ್ನು ಮುಚ್ಚಿತು. ದೀಪ ಆರಿತು; ಯಾರೂ ಆರಿಸಿದಂತಾಗಲಿಲ್ಲ.

ಆಕೆ ಶಾಲಿನ ಅಂಚನ್ನು ಎತ್ತಿದರು. ಹೊತ್ತಿತು. ಬಿಟ್ಟರು. ಆರಿತು. ಮತ್ತೆ ಎತ್ತಿದರು.

"ಇದಕ್ಕೆ ಬೇಕಾದ್ದು ಬೆಂಕಿ ಅಲ್ಲ, ಬೆಳಕು!" ಎಂದು ಕೂಗಿದರು. ಅದನ್ನು ನಾನು ತರಬೇತಿಯುದ್ದಕ್ಕೂ ಹೇಳುತ್ತಲೇ ಬಂದಿದ್ದೆ.

ಮೇಲಧಿಕಾರಿಗಳು ವೇದಿಕೆಗೆ ಬಂದು ಶಾಲು ಹೊದ್ದ ಆಕೃತಿಯನ್ನು ನೋಡಿದರು. "ಇದೇನು?"

"ಅನಾವರಣ ಸರ್," ಎಂದರು ಮುಖ್ಯೋಪಾಧ್ಯಾಯರು.

ಮೇಲಧಿಕಾರಿಗಳು ಶಾಲು ಸರಿಸಿದರು. ದೀಪ ತಾನೇ ಹೊತ್ತಿಕೊಂಡಿತು. ಕರತಾಡನ ಮುಗಿದ ಮೇಲೂ ಅವರು ಆಸನಕ್ಕೆ ಹೋಗಲಿಲ್ಲ. ಶಾಲನ್ನು ಮತ್ತೆ ಹಾಕಿ ತೆಗೆದು, ಹಾಕಿ ತೆಗೆದು ನೋಡಿದರು. "ಮೋಂಬತ್ತಿ ಇಲ್ಲದೆ ಹೇಗೆ?" ಎಂದು ಸಭೆಯನ್ನು ಕೇಳಿದರು.

ಮೇಲಧಿಕಾರಿಗಳು ಪ್ರಶ್ನೆ ಕೇಳಿದರೆ ಶಿಕ್ಷಕರು ನೆಲ ನೋಡುವುದು ನಮ್ಮ ಪದ್ಧತಿ. ಆ ದಿನ ಚಾರ್ಮಾಡಿಯ ಶಿಕ್ಷಕಿ ಎದ್ದು ವಿವರಿಸಿದರು. ಮುಖ್ಯೋಪಾಧ್ಯಾಯರು, "ಬೆಳಕು ಅಲ್ಲ, ಬಿಸಿಲಿನ ಶಾಖ," ಎಂದು ಅಡ್ಡ ಬಂದರು. "ಹಾಗಾದರೆ ಟಾರ್ಚು ಬಿಟ್ಟು ನೋಡುವ," ಎಂದರು ಹಿಂದಿನ ಸಾಲಿನವರು. ಕಿಟಕಿಗಳನ್ನು ಮುಚ್ಚಿದರು, ಟಾರ್ಚು ಬಿಟ್ಟರು. ದೀಪ ಹೊತ್ತಿತು, ಮುಖ್ಯೋಪಾಧ್ಯಾಯರು ಸೋತರು. ವಾದ ಕನ್ನಡವನ್ನು ಬಿಟ್ಟು ತುಳುವಿಗೆ ಇಳಿಯಿತು. ಸ್ವಾಗತ ಭಾಷಣ ಮರೆತುಹೋಯಿತು, ಚಹಾ ಆರಿತು. ಯಾವುದನ್ನು ಯೋಜನಾಧಾರಿತ ಕಲಿಕೆಯೆಂದು ನಾನು ದಿನಗಟ್ಟಲೆ ಬೋಧಿಸಿದ್ದೆನೋ ಅದು ನನ್ನನ್ನು ಕೇಳದೆಯೇ ನಡೆಯುತ್ತಿತ್ತು.

ಮೇಲಧಿಕಾರಿಗಳು ಅದನ್ನು ಗಮನಿಸಿದರೆಂದು ಹೇಳಲಾರೆ. ಅವರ ದೃಷ್ಟಿ ದೀಪದ ಮೇಲಿತ್ತು. ಶಾಲು ಹೊದ್ದು ಜೀಪು ಹತ್ತುವಾಗ ನನ್ನನ್ನು ಕರೆದರು.

"ಇದು ಇನ್ನು ಮುಂದೆ ನಮ್ಮ ಎಲ್ಲ ಕಾರ್ಯಕ್ರಮಗಳಿಗೂ ಬೇಕು. ಇದನ್ನು ನೋಡಿಕೊಳ್ಳಲು ಯಾರಿದ್ದಾರೆ?"

"ನಾನೇ ಸರ್."

"ಹಾಗಾದರೆ ನೀವು ಇರಬೇಕಾಗ್ತದಲ್ಲ."

ಹೀಗೆ ಗುತ್ತಿಗೆ ಮುಂದುವರಿಯಿತು. ಮುಂದಿನ ವರ್ಷಗಳಲ್ಲಿ ನಾನು ದೀಪಸ್ತಂಭವನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಊರೂರು ತಿರುಗಿದೆ. ತರಬೇತಿ ನೀಡಿದ್ದಕ್ಕಿಂತ ಉದ್ಘಾಟನೆ ಮಾಡಿಸಿದ್ದೇ ಹೆಚ್ಚು. ಚಾರ್ಮಾಡಿಯ ಶಿಕ್ಷಕಿ ಮಾತ್ರ ಯಾರಿಗೂ ಬರೆದು ಕೊಡದೆ ತಮ್ಮ ಮಕ್ಕಳೊಂದಿಗೆ ನೀರಿನ ಟ್ಯಾಂಕಿಗೆ ಸೆನ್ಸರು ಜೋಡಿಸಿಕೊಂಡರು.

ಉದ್ಘಾಟನೆಯಾದ ಆ ಸಂಜೆ ನಾನು ಮನೆಗೆ ಬಂದಾಗ ತಂಗಿ ಎಂದಿನಂತೆ ಕೇಳಿದಳು. "ಕಲಿತರು," ಎಂದೆ, "ನನ್ನ ಕೆಲಸವೂ ಉಳಿಯಿತು." ಚಿಕ್ಕಪ್ಪ, "ಸರ್ಕಾರಕ್ಕೆ ಇವಳು ಬೇಕು ಅಂತಾದರೆ ಓದಿಗೆ ಬೆಲೆ ಉಂಟು," ಎಂದು ತೀರ್ಪನ್ನು ತಿರುಗಿಸಿದರು. ಸರ್ಕಾರಕ್ಕೆ ಬೇಕಾದದ್ದು ನಾನಲ್ಲ, ದೀಪವೆಂದು ನಾನು ತಿದ್ದಲಿಲ್ಲ.

ಜೂನಿನಲ್ಲಿ ತಂಗಿ ಮೂಡುಬಿದಿರೆಯ ಕಾಲೇಜಿಗೆ ಸೇರಿದಳು. ಮುಂದೆ ಓದಿ ನಮ್ಮ ಮನೆಯ ಎರಡನೆಯ ಪದವೀಧರೆಯಾದಳು. ಅನಂತರ ಚಿಕ್ಕಪ್ಪನ ಮಗಳೂ ಅದೇ ಬಸ್ಸು ಹತ್ತಿದಳು. ಆ ಬಾರಿ ಯಾರೂ ತೀರ್ಪು ಕೇಳಲಿಲ್ಲ.